ಬಾಂಬ್ ಹಾಕಾಕ ಇಲ್ಲಿಗೆ ಯಾರ್ ಬರ್ತಾರ್ರೀ?

ರಜಾಕ್ಕ ಹುಬ್ಬಳ್ಳಿಗೆ ಬಂದಾಗ ಅವ್ವನ್ನ ಕರ್ಕೊಂಡು ಒಂದು ಸಂಗೀತ ಕಾರ್ಯಕ್ರಮಕ್ಕ ಹೋಗಿದ್ದೆ, ಹಾಲ್ ಹೆಸರು ಬ್ಯಾಡ ಬಿಡ್ರಿ. ಬಾಗಲದಾಗ ಮೆಟಲ್ ಡಿಟೆಕ್ಟರ್ ಅದ, ದಾಟಿದ್ವಿ, ಕುಂಯ್ ಅಂತು, ಬಾಜೂಕ ಕುಂತಾವ ಮೊಬೈಲಿಂದ ತಲಿ ಎತ್ತಲಿಲ್ಲ. ಒಳಗ ಸೈಡಿನ ಬಾಗಲಕ್ಕ ಚೈನ್ ಹಾಕಿ ಕೀಲಿ ಜಡದು, ಮುಂದ ಕುರ್ಚಿ ಒಟ್ಟಿದ್ರು. ಕೇಳಿದ್ರ ಸಂಘಟಕರು ನಕ್ಕೊಂತ "ಪಾಸ್ ಇಲ್ದ ಹುಡುಗ್ರು ನುಗ್ಗತಾರ್ರಿ, ಮತ್ತ ಬಾಂಬ್ ಗೀಂಬ್ ಹಾಕಾಕ ನಮ್ಮೂರಿಗೆ ಯಾರ್ ಬರ್ತಾರ್ರೀ" ಅಂದ್ರು. 2008ರ ಮೇದಾಗ ಇದೇ ಊರಿನ ಕೋರ್ಟಿನಾಗ ಸ್ಫೋಟ ಆಗಿತ್ತಲ್ಲ, ಅವತ್ತು ಶನಿವಾರ ಅಂತ ಜನ ಉಳಿದ್ರು ಅಂದೆ. "ಹೌದ್ ಹೌದ್, ಆಗಿತ್ತು" ಅಂದು ಹಾರ ತುರಾಯಿ ಬಂತೇನ ಅಂತ ನೋಡಾಕ ಹೋದ್ರು.

ನಾ ಇರೋದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ದಾಗ. 2017ರ ಮೇ 22ಕ್ಕ ಅಲ್ಲಿ ಅರೀನಾ ಅನ್ನೋ ದೊಡ್ಡ ಸಭಾಂಗಣದಾಗ ಅಮೆರಿಕದ ಗಾಯಕಿ ಅರಿಯಾನಾ ಗ್ರಾಂಡೆ ಕಾರ್ಯಕ್ರಮ ಮುಗಿಸಿ ಮಂದಿ ಹೊರಗ ಬರೋ ಹೊತ್ತಿಗೆ ಒಬ್ಬಾವ ಬೆನ್ನಿನ ಬ್ಯಾಗಿನಾಗ ತಂದಿದ್ದ ಬಾಂಬ್ ಸಿಡಿಸಿದ, 22 ಜನ ಹೋದ್ರು, ಅದರಾಗ ಸಣ್ಣ ಹುಡುಗ್ರೂ ಇದ್ರು. ಎರಡು ವಾರದೊಳಗ ಓಲ್ಡ್ ಟ್ರಾಫರ್ಡ್ ಕ್ರಿಕೆಟ್ ಮೈದಾನದಾಗ ಮತ್ತ ಹಾಡು ನಡೀತು. ಅಂದ್ರ ಧೈರ್ಯ ಬರೇ ನಮಗಷ್ಟ ಇಲ್ಲ. 2010ರಾಗ ಚಿನ್ನಸ್ವಾಮಿ ಸ್ಟೇಡಿಯಂ ಹೊರಗ ಬಾಂಬ್ ಸಿಡಿದಾಗ ಒಂದು ತಾಸು ತಡ ಮಾಡಿ ಮ್ಯಾಚ್ ಆಡಿಸಿದ್ರು, ಭಾಪ್ಪರೇ ಅಂದ್ವಿ, ಅಲ್ಲಿಗೆ ನಮ್ಮ ಮಟ್ಟಿಗೆ ಮುಗೀತು.

ಮ್ಯಾಂಚೆಸ್ಟರದಾಗ ಹಂಗ ಮುಗೀಲಿಲ್ಲ ನೋಡ್ರಿ. ನಿವೃತ್ತ ಜಡ್ಜ್ ಜಾನ್ ಸಾಂಡರ್ಸ್ ವರ್ಷಗಟ್ಟಲೆ ವಿಚಾರಣೆ ನಡೆಸಿ ಮೂರು ಸಂಪುಟ ಬರದ್ರು. ಯಾವ ಮೂಲಿ ಕ್ಯಾಮರಾಕ್ಕ ಕಾಣ್ತಿದ್ದಿಲ್ಲ, ಯಾವ ಪೊಲೀಸ್ ಎಷ್ಟೊತ್ತು ಊಟಕ್ಕ ಹೋಗಿದ್ರು, ಎಲ್ಲಾ ಅದರಾಗ ಅದ. ಮಕ್ಕಳನ್ನ ಕರ್ಕೊಂಡ್ ಹೋಗಾಕ ಬಂದಿದ್ದ ಒಬ್ಬರು ದೊಡ್ಡ ಬ್ಯಾಗ್ ಹೊತ್ತಿದ್ದ, ಆಮ್ಯಾಲೆ ಬಾಂಬ್ ಸಿಡಿಸಿದ ಆ ಹುಡುಗನ್ನ ನೋಡಿ ಡೌಟ್ ಬಂದು ಸಿಬ್ಬಂದಿಗೆ ಹೇಳಿದ್ರು, ಯಾರೂ ಮನಸಿಗೆ ಹಚ್ಕೊಳ್ಳಿಲ್ಲ. 18 ವರ್ಷದ ಒಬ್ಬ ಗಾರ್ಡ್, ತಪ್ಪಾದ್ರ ನನ್ನ ರೇಸಿಸ್ಟ್ ಅಂತಾರ ಅಂತ ಹೆದರಿ ಸುಮ್ನಿದ್ದೆ ಅಂದ. ಕಂದು ಮೈಬಣ್ಣದವ, ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಅದೇ ಊರಾಗ ಅಡ್ಡಾಡಾಂವ ನಾನು, ಇದನ್ನ ಓದಿ ನನಗ ಹೆಂಗಾಗಿರಬೇಕು, ಬ್ಯಾಗ್ ಬಿಚ್ಚು ಅಂದ್ರ ಮೊದಲು ಸಿಟ್ಟು ಬರ್ತಿತ್ತು, ಈಗ ನಾನ ಜಿಪ್ ತಗದು ಹಿಡೀತೀನಿ. ಸತ್ತವರಲ್ಲಿ ಮಾರ್ಟಿನ್ ಹೆಟ್ ಒಬ್ರು, ಅವರ ತಾಯಿ ಫಿಗೆನ್ ಮರ್ರಿ ಪಾರ್ಲಿಮೆಂಟಿನ ಬೆನ್ನು ಹತ್ತಿ 2025ರ ಏಪ್ರಿಲ್‌ದಾಗ ಕಾನೂನು ಮಾಡಿಸಿದ್ರು, 200 ಜನ ಸೇರೋ ಜಾಗಾ ಆದ್ರೂ ಹೊರಗ ಕಳಿಸೋದು ಹೆಂಗ, ಬಾಗಲಾ ಹಾಕೋದು ಯಾವಾಗ ಅಂತ ಪ್ಲಾನ್ ಇರಬೇಕು. 200 ಅಂದ್ರ ನಮ್ಮಲ್ಲಿ ಒಂದು ಸೀಮಂತದ ಪಂಕ್ತಿ!

ಹಂಗಂತ ಅಲ್ಲಿ ಎಲ್ಲಾ ಚಂದ ಅಂತಲ್ಲ, ಹೇಳಾಕ ಮನಸಿಲ್ಲ ಆದ್ರೂ ಹೇಳ್ತೀನಿ. ಕಾನೂನಿಗೆ ಎಂಟು ವರ್ಷ ಹಿಡೀತು, ಪಾಸಾದ ಮ್ಯಾಲೂ ಜಾರಿಗೆ ಬರಾಕ ಎರಡು ವರ್ಷನಾದ್ರೂ ಬೇಕು ಅಂದಿದ್ರು. ಮತ್ತ ಆ ರಾತ್ರಿ ಫೈರ್ ಬ್ರಿಗೇಡ್ ಬಂದದ್ದು ಎರಡು ತಾಸಿನ ಮ್ಯಾಲೆ, ಗಾಯಗೊಂಡವರು ಬಿದ್ದಿದ್ದ ಹಾಲಿನೊಳಗ ಹೋದ ಪ್ಯಾರಾಮೆಡಿಕ್ಸ್ ಮೂರ ಮೂರು ಮಂದಿ, ಉಳಿದವರು ರೂಲ್ ಪ್ರಕಾರ ಹೊರಗ. ಹುಬ್ಬಳ್ಳ್ಯಾಗ ಆಗಿದ್ರ ಆಟೋದವ್ರು, ಟಂಟಂದವ್ರು ಯಾರ ಪರ್ಮಿಷನ್ನೂ ಕೇಳದ ಎತ್ತಿ ಹಾಕ್ಕೊಂಡು ಸರ್ಕಾರಿ ದವಾಖಾನಿ ಕಿಮ್ಸ್‌ಗೆ ಓಡಸ್ತಿದ್ರು, ಅಷ್ಟು ಮಾತ್ರ ಒಪ್ಪತೀನಿ.