ಮೀನಿನ ಮಾತು ಆಮೇಲೆ, ಮೊದಲು ಸ್ಟ್ಯಾಂಡ್ ತೋರಿಸಿ

ಹೋದ ವಾರ ಟ್ಯಾಂಕಿನ ಫೋಟೊ ಹಾಕಿದ ಮೇಲೆ ಇನ್‌ಬಾಕ್ಸಿಗೆ ಬಂದ ಪ್ರಶ್ನೆಗಳೆಲ್ಲ ಒಂದೇ ತರ. "ನಾಲ್ಕಡಿ ಉಪ್ಪುನೀರಿನ ಟ್ಯಾಂಕ್ ಇಡೋಣ ಅಂತಿದೀನಿ, ಯಾವ ಮೀನು ಹಾಕಲಿ?" "ಹವಳಕ್ಕೆ ಯಾವ ಲೈಟ್ ಒಳ್ಳೇದು?" ಅದನ್ನ ಯಾವುದರ ಮೇಲೆ ಇಟ್ಟಿದೀರಿ ಅಂತ ಒಬ್ಬರೂ ಕೇಳಲಿಲ್ಲ. ತಪ್ಪೇನಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಅದಕ್ಕೇ ನನ್ನ ಮೊದಲ ಸ್ಟ್ಯಾಂಡ್ ಈಗ ಹಿತ್ತಲಲ್ಲಿ ಹೂಕುಂಡಗಳನ್ನು ಹೊತ್ತುಕೊಂಡು ನಿಂತಿದೆ.

ದೊಡ್ಡ ಟ್ಯಾಂಕ್ ನೋಡಿಕೊಳ್ಳುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ನೀರು ಜಾಸ್ತಿ ಇದ್ದಷ್ಟೂ ಬಿಸಿ, ಉಪ್ಪು ಎರಡೂ ನಿಧಾನಕ್ಕೆ ಏರಿಳಿಯುತ್ತವೆ, ನಮಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಆದರೆ ಎರಡಡಿ ತೊಟ್ಟಿಯಲ್ಲಿ ಏನಾದರೂ ಎಡವಟ್ಟಾದರೆ ಅರ್ಧ ನೀರು ತೆಗೆದು ಇಬ್ಬರು ಹಿಡಿದು ಪಕ್ಕಕ್ಕೆ ಸರಿಸಬಹುದು. ನಾಲ್ಕಡಿಯದ್ದು ಒಮ್ಮೆ ಕೂತರೆ ಕೂತ ಹಾಗೆಯೇ.

ಲೆಕ್ಕ ಹಾಕಿ ನೋಡಿ. 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ. ಅಂಚಿನವರೆಗೆ ತುಂಬಿದರೆ 432 ಲೀಟರ್. ಸಮುದ್ರದ ನೀರು ಲೀಟರಿಗೆ ಸುಮಾರು 1.025 ಕೆಜಿ ತೂಗುತ್ತದೆ. ಮೇಲೆ ಸ್ವಲ್ಪ ಜಾಗ ಬಿಟ್ಟು, ಕಲ್ಲು ಮರಳು ಹಿಡಿದದ್ದನ್ನು ಕಳೆದರೂ ನೀರೇ 400 ಕೆಜಿ. 12 ಎಂಎಂ ಗಾಜು 80 ಕೆಜಿ ದಾಟುತ್ತದೆ. ಕಲ್ಲು ಮರಳು ಒಂದು 60. ಸ್ಟ್ಯಾಂಡಿನೊಳಗೆ ಕೂರುವ ಸಂಪು, ಅಂದರೆ ಟ್ಯಾಂಕಿನ ನೀರು ಇಳಿದು ಶುದ್ಧವಾಗಿ ಮತ್ತೆ ಮೇಲೆ ಹೋಗುವ ಎರಡನೇ ತೊಟ್ಟಿ, ಅದರ ನೀರೂ ಸೇರಿ ಇನ್ನೊಂದು 100. ಸ್ಟ್ಯಾಂಡೂ ಸೇರಿ 700ರ ಹತ್ತಿರ ಬರುತ್ತದೆ. ಮುಕ್ಕಾಲು ಚದರ ಮೀಟರ್ ಜಾಗದಲ್ಲಿ ಒಂದು ಸಣ್ಣ ಕಾರು ನಿಂತ ಹಾಗೆ. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಆಸುಪಾಸಿನ ಹೊರೆಗೆ ಲೆಕ್ಕ ಹಾಕಿರುತ್ತಾರೆ. ಅದು ಇಡೀ ಕೋಣೆಗೆ ಹಾಕಿದ ಲೆಕ್ಕ, ಹಾಗಾಗಿ ಕೂಡಲೇ ಕುಸಿಯುತ್ತದೆ ಅಂತಲ್ಲ. ಆದರೂ ಮಹಡಿಯ ಮೇಲೆ ಇಡುವವರು ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ. ಕೋಣೆಯ ನಡುವೆ ಇಡಬೇಡಿ, ಕೆಳಗೆ ತೊಲೆ ಇರುವ ಗೋಡೆಯ ಪಕ್ಕ ಇಡಿ.

ಈ 700 ಅನ್ನುವ ಅಂಕಿ ನೋಡಿ ಹೆದರಿದವನು ಏನು ಮಾಡುತ್ತಾನೆ? ದಪ್ಪ ಮಾಡುತ್ತಾನೆ. ನಾನು ಮಾಡಿದ್ದೂ ಅದನ್ನೇ. ನಾಲ್ಕು ಇಂಚಿನ ಮರದ ಕಾಲುಗಳು, ಮೇಲೆ ಕೆಳಗೆ ಅಷ್ಟೇ ದಪ್ಪದ ಅಡ್ಡಪಟ್ಟಿಗಳು. ಕಾರ್ಪೆಂಟರ್ ಗರಗಸ ಕೆಳಗಿಟ್ಟು ಕೇಳಿದರು, "ಸರ್, ಇದು ಮೀನಿಗಾ, ಇಲ್ಲಾ ಮನೆ ಮೇಲೆ ಇನ್ನೊಂದು ಮಹಡಿ ಎಬ್ಬಿಸೋಕಾ?" ನಾನು ನಕ್ಕು ಸುಮ್ನಾದೆ.

ಮರ ಪೂರ್ತಿ ಒಣಗಿರಲಿಲ್ಲ. ಅದು ಇಬ್ಬರಿಗೂ ಹೊಳೆಯಲಿಲ್ಲ. ಕೋಣೆಯೊಳಗೆ ಎರಡು ವಾರ ಇದ್ದಾಗ ಒಣಗುತ್ತಾ ಒಣಗುತ್ತಾ ಹಿಂದಿನ ಬಲಗಾಲು ಸೊಟ್ಟಗಾಯಿತು. ಕಣ್ಣಿಗೆ ಕಾಣುವ ಸೊಟ್ಟ ಅಲ್ಲ. ಟ್ಯಾಂಕ್ ಇಟ್ಟು, ಅರ್ಧ ನೀರು ತುಂಬಿ, ಸುಮ್ನೆ ಒಂದು ಅನುಮಾನಕ್ಕೆ ವಿಸಿಟಿಂಗ್ ಕಾರ್ಡ್ ಒಂದನ್ನು ಗಾಜಿನ ಅಡಿಗೆ ತೂರಿಸಿದೆ. ಮುಂದೆ ಎರಡೂ ಮೂಲೆಯಲ್ಲಿ ಹೋಗಲಿಲ್ಲ. ಹಿಂದೆ ಎಡಕ್ಕೂ ಹೋಗಲಿಲ್ಲ. ಬಲಮೂಲೆಯಲ್ಲಿ ಜಾರಿಕೊಂಡು ಒಳಗೆ ಹೋಯಿತು. ಅದರ ಮೇಲೆ ಎರಡನೆಯದು ಇಟ್ಟೆ, ಅದೂ ಹೋಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಹೆಂಡತಿಗೆ ಬೇರೆ ಭಯ. 2022ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಹೋಟೆಲೊಂದರಲ್ಲಿ 10 ಲಕ್ಷ ಲೀಟರಿನ ಅಕ್ವೇರಿಯಂ ಒಡೆದು ನೀರು ಬೀದಿಗೆ ನುಗ್ಗಿತಲ್ಲ, ಆ ವಿಡಿಯೊ ನೋಡಿದ್ದಳು. "ನಮ್ಮದೂ ಹಂಗಾದ್ರೆ?" ಅಂದಳು. ಅದು ಹತ್ತು ಮೀಟರಿಗೂ ಎತ್ತರದ ಅಕ್ರಿಲಿಕ್ ಕಂಬ. ನೀರಿನ ಒತ್ತಡ ಏರುವುದು ಆಳಕ್ಕೆ ತಕ್ಕಂತೆ, ಒಟ್ಟು ಎಷ್ಟು ಲೀಟರ್ ಇದೆ ಅನ್ನುವುದಕ್ಕಲ್ಲ. ನಮ್ಮ ಮುಂಭಾಗದ ಗಾಜಿನ ಮೇಲೆ ಬೀಳುವ ಒತ್ತು ಹತ್ತಿರ ಹತ್ತಿರ 200 ಕೆಜಿ, ಸರಿಯಾಗಿ ಅಂಟಿಸಿದ 12 ಎಂಎಂ ಗಾಜು ಅದನ್ನು ಆರಾಮಾಗಿ ತಡೆಯುತ್ತದೆ. ಗಾಜಿಗೆ ಭಾರ ಹೊರುವುದು ಗೊತ್ತು. ತಿರುಚಿಕೊಳ್ಳುವುದು ಗೊತ್ತಿಲ್ಲ. ಮೂರು ಮೂಲೆಗೆ ಆಸರೆ ಇದ್ದು ನಾಲ್ಕನೆಯದು ಗಾಳಿಯಲ್ಲಿದ್ದರೆ, ಮರವಾದರೆ ಬಾಗುತ್ತದೆ, ಕಬ್ಬಿಣವಾದರೆ ಬಳುಕುತ್ತದೆ, ಗಾಜಿನಲ್ಲಿ ಹಲಗೆಗಳನ್ನು ಅಂಟಿಸಿದ ಸಿಲಿಕೋನ್ ಸಂದಿಗೆ ಏಟು. ಇವತ್ತೇ ಬಿಡುತ್ತದೆ ಅಂತಲ್ಲ. ಎರಡು ವರ್ಷ ಆದಮೇಲೆ ಯಾವುದೋ ಮಧ್ಯಾಹ್ನ ಬಿಡಬಹುದು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಸ್ಟ್ಯಾಂಡ್ ದಪ್ಪ ಇದೆಯಾ ಅಂತ ನೋಡಬೇಡಿ, ಮೇಲ್ಮೈ ಒಂದೇ ಸಮ ಇದೆಯಾ ನೋಡಿ. ಮಟ್ಟವೂ ಬೇಕು, ಆದರೆ ಅದು ಎರಡನೇ ಮಾತು. ಇಡೀ ಟ್ಯಾಂಕ್ ಒಂದು ಕಡೆಗೆ ಎರಡು ಎಂಎಂ ವಾಲಿದ್ದರೆ ನೀರಿನ ಗೆರೆ ಓರೆ ಕಾಣುತ್ತದೆ, ಕಣ್ಣಿಗೆ ಕಿರಿಕಿರಿ, ಅಷ್ಟೇ. ಒಂದೇ ಮೂಲೆ ಎರಡು ಎಂಎಂ ತಗ್ಗಿದ್ದರೆ ಅದು ಬೇರೆಯೇ ಕಥೆ. ಬರೀ ಉದ್ದಕ್ಕೂ ಅಗಲಕ್ಕೂ ರಸಮಟ್ಟ ಇಟ್ಟು ಸರಿ ಅಂದುಕೊಳ್ಳಬೇಡಿ. ಮೂಲೆಯಿಂದ ಮೂಲೆಗೆ ಎರಡೂ ಓರೆಗಳಲ್ಲಿ ನೆಟ್ಟಗಿನ ಅಲ್ಯುಮಿನಿಯಂ ಪಟ್ಟಿ ಇಟ್ಟು, ಆಚೆ ಕಡೆಯಿಂದ ಟಾರ್ಚ್ ಬಿಟ್ಟು ನೋಡಿ. ಪಟ್ಟಿಯ ಅಡಿಯಲ್ಲಿ ಬೆಳಕು ಎಲ್ಲಿ ಇಣುಕುತ್ತದೋ ಅಲ್ಲಿ ತಗ್ಗು.

ಮಾರನೇ ದಿನ ಕಾರ್ಪೆಂಟರ್ ಬಂದು ನೋಡಿ, ಒಂದು ತೆಳು ಚಕ್ಕೆ ಸೀಳಿ ಗಾಜಿನ ಅಡಿಗೆ ಕೊಟ್ಟುಬಿಡೋಣ ಅಂದರು. ದಯವಿಟ್ಟು ಇದನ್ನು ಮಾಡಬೇಡಿ. ಬೆಣೆ ಕೊಡುವುದಿದ್ದರೆ ಸ್ಟ್ಯಾಂಡಿಗೂ ನೆಲಕ್ಕೂ ನಡುವೆ, ಗಾಜಿಗೂ ಸ್ಟ್ಯಾಂಡಿಗೂ ನಡುವೆ ಅಲ್ಲ. ಚಕ್ಕೆ ಇಟ್ಟ ಜಾಗದಲ್ಲಿ ಭಾರವೆಲ್ಲ ಒಂದು ಚುಕ್ಕಿಯ ಮೇಲೆ ಕೂರುತ್ತದೆ. ಫೋಮ್ ಹಾಳೆಯ ವಿಷಯವೂ ಹಾಗೆಯೇ. ತಳಕ್ಕೆ ಚೌಕಟ್ಟಿಲ್ಲದ ಟ್ಯಾಂಕಿನ ಅಡಿಗೆ ಹಾಕಿ, ಮರಳಿನ ಕಾಳಿನಷ್ಟು ಉಬ್ಬು ತಗ್ಗು ನುಂಗುತ್ತದೆ. ಸೊಟ್ಟ ಸ್ಟ್ಯಾಂಡನ್ನು ಅದು ನೆಟ್ಟಗೆ ಮಾಡುವುದಿಲ್ಲ. ತಳದಲ್ಲಿ ಪ್ಲಾಸ್ಟಿಕ್ ಚೌಕಟ್ಟು ಇರುವ ಟ್ಯಾಂಕಿಗೆ ಫೋಮ್ ಬೇಡ, ಅದರ ಭಾರ ಅಂಚಿನ ಮೇಲೇ ಕೂರಬೇಕು.

ನೀರು ಖಾಲಿ ಮಾಡಿದೆ. ಎರಡನೇ ಸ್ಟ್ಯಾಂಡ್ 18 ಎಂಎಂ ಪ್ಲೈವುಡ್ಡಿನದ್ದು, ನೀರು ತಡೆಯುವ ದರ್ಜೆಯದ್ದು. ನಮ್ಮ ಭಾವ ನೋಡಿ, "ಏನಪ್ಪಾ, ಪುಸ್ತಕದ ಬೀರು ತರ ಇದೆ, ತಡೆಯುತ್ತಾ?" ಅಂದರು. ತಡೆಯುತ್ತದೆ. ಪ್ಲೈವುಡ್ ಹಲಗೆಯನ್ನು ಮಲಗಿಸಿದರೆ ಬಾಗುತ್ತದೆ, ಅದೇ ಹಲಗೆಯನ್ನು ನಿಲ್ಲಿಸಿ ಹಿಂದಿನಿಂದ ಇನ್ನೊಂದು ಹಲಗೆ ಬಿಗಿದರೆ ಎಲ್ಲಿಗೂ ಜಗ್ಗುವುದಿಲ್ಲ. ಒಂದೇ ಶರತ್ತು. ಭಾರ ಮರದ ಮೇಲೆ ಮರ ಕೂತು ನೆಲಕ್ಕೆ ಇಳಿಯಬೇಕು, ಸ್ಕ್ರೂಗಳಿಗೆ ನೇತಾಡಬಾರದು. ಮೇಲಿನ ಹಲಗೆ ಪಕ್ಕದ ಹಲಗೆಗಳ ತಲೆಯ ಮೇಲೆ ಕೂತಿರಬೇಕು, ಅವುಗಳ ನಡುವೆ ಸ್ಕ್ರೂ ಹೊಡೆದು ಸಿಕ್ಕಿಸಿದ್ದಾಗಿರಬಾರದು. ಸ್ಕ್ರೂ ಇರುವುದು ಅಂಟು ಒಣಗುವ ತನಕ ಹಿಡಿದುಕೊಳ್ಳಲು. ಇನ್ನು ಹಿಂದಿನ ಹಲಗೆ ಬರೀ ಅಂದಕ್ಕಲ್ಲ, ಸ್ಟ್ಯಾಂಡ್ ಪಕ್ಕಕ್ಕೆ ಓಲಾಡದ ಹಾಗೆ ಹಿಡಿಯುವುದೇ ಅದು. ಪೈಪಿಗೆ ಅಂತ ಅದನ್ನು ಪೂರ್ತಿ ಕತ್ತರಿಸಿದವರನ್ನು ನೋಡಿದ್ದೇನೆ. ಕಬ್ಬಿಣದ ಸ್ಟ್ಯಾಂಡೂ ಆಗುತ್ತದೆ, ಆದರೆ ಬೆಸುಗೆ ಹಾಕುವಾಗ ಬಿಸಿಗೆ ಚೌಕಟ್ಟು ಎಳೆದುಕೊಳ್ಳುತ್ತದೆ, ಮೇಲಿಂದ ಉಪ್ಪಿನ ತೇವ. ಬಣ್ಣ ಕಿತ್ತ ಕಡೆ ತುಕ್ಕು ಶುರು.

ಕಟ್ಟುವ ಮೊದಲೇ ಒಳಗೆ ಕೂರುವ ಸಾಮಾನಿನ ಅಳತೆ ತಗೊಳ್ಳಿ. ಪ್ರೋಟೀನ್ ಸ್ಕಿಮ್ಮರಿನ ತಲೆಯ ಮೇಲೊಂದು ಕಪ್ ಇರುತ್ತದೆ, ಮೀನಿನ ಕೊಳಕೆಲ್ಲ ನೊರೆಯಾಗಿ ಅಲ್ಲಿ ಸೇರುತ್ತದೆ. ಅದನ್ನು ಮೇಲಕ್ಕೆ ಎತ್ತಿಯೇ ತೆಗೆಯಬೇಕು. ನನ್ನ ಮೊದಲ ಸ್ಟ್ಯಾಂಡಿನಲ್ಲಿ ಎತ್ತಲು ಜಾಗವೇ ಇರಲಿಲ್ಲ. ಮುಂದಿನ ಬಾಗಿಲ ನಡುವೆ ಒಂದು ಕಂಬ ಬೇರೆ. ಸಂಪನ್ನು ಮೊದಲು ಇಟ್ಟು ಆಮೇಲೆ ಕಂಬ ಹೊಡೆದಿದ್ದೆವು, ಅಂದರೆ ಸಂಪು ಒಡೆದರೆ ಸ್ಟ್ಯಾಂಡನ್ನೇ ಒಡೆಯಬೇಕಿತ್ತು. ಹಾಗಂತ ಸಿಕ್ಕಾಪಟ್ಟೆ ಎತ್ತರವೂ ಬೇಡ. 90 ಸೆಂಟಿಮೀಟರ್ ಸ್ಟ್ಯಾಂಡ್, ಮೇಲೆ 60ರ ಟ್ಯಾಂಕ್ ಅಂದರೆ ಅಂಚು 150ಕ್ಕೆ ಹೋಯಿತು. ತಳದ ಮರಳು ಮುಟ್ಟಲು ಸ್ಟೂಲ್ ಹತ್ತಿ ಕಂಕುಳವರೆಗೆ ಕೈ ಮುಳುಗಿಸಬೇಕು. ನನ್ನ ಬಲತೋಳಿನ ಅಂಗಿಗಳೆಲ್ಲ ಇದಕ್ಕೆ ಸಾಕ್ಷಿ.

ನೀರಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ಆರ್‌ಒ, ಡಿಐ (ಮಿಕ್ಕ ಲವಣವನ್ನೂ ಹಿಡಿಯುವ ಫಿಲ್ಟರ್) ಎರಡನ್ನೂ ದಾಟಿ ಬಂದ ನೀರು, ಟಿಡಿಎಸ್ ಅಂದರೆ ಕರಗಿದ ಲವಣ ಸೊನ್ನೆ. ಲೀಟರಿಗೆ 35 ಗ್ರಾಂ ಸಮುದ್ರ ಟ್ಯಾಂಕಿನ ಉಪ್ಪಿನಿಂದ ಶುರು ಮಾಡಿ, ಕಲಕಿ, ಅಳೆದು, ಬೇಕಾದಷ್ಟು ಸೇರಿಸಿ. ಇಡೀ ಟ್ಯಾಂಕಿಗೆ ಸುಮಾರು 15 ಕೆಜಿ ಉಪ್ಪು ಹಿಡಿಯುತ್ತದೆ. ಆವಿಯಾದದ್ದಕ್ಕೆ ಸಿಹಿನೀರು ಮಾತ್ರ ಸೇರಿಸಿ, ಯಾಕೆಂದರೆ ಉಪ್ಪು ಆವಿಯಾಗುವುದಿಲ್ಲ. ಆಮೇಲೆ ನಾಲ್ಕರಿಂದ ಆರು ವಾರ ಖಾಲಿ ಟ್ಯಾಂಕ್ ನೋಡಿಕೊಂಡು ಕೂರಬೇಕು. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ಮನೆ ಮಾಡಿಕೊಳ್ಳಲು ಅಷ್ಟು ಹೊತ್ತು ಬೇಕು.

ಸರಿ, ಮೀನು. ಸಾಕಿ ಮರಿ ಮಾಡಿಸಿದ ಎರಡು ಕ್ಲೌನ್ ಮೀನಿನಿಂದ ಶುರು ಮಾಡಿ. ನೀಲಿ ಟ್ಯಾಂಗ್ ಬೇಡ. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಬೆಳೆದರೆ 30 ಸೆಂಟಿಮೀಟರ್ ಮುಟ್ಟುತ್ತದೆ. ನಾಲ್ಕಡಿಯಲ್ಲಿ ಅದು ಈಜುವುದಿಲ್ಲ, ಬರೀ ತಿರುಗುತ್ತಿರುತ್ತದೆ.

1846ರಲ್ಲಿ ಅನ್ನಾ ಥಿನ್ ಅನ್ನುವವರು ಇಂಗ್ಲೆಂಡಿನ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದಿದ್ದರು. ಪಂಪಿಲ್ಲ, ಕರೆಂಟಿಲ್ಲ. ನೀರಿಗೆ ಗಾಳಿ ಸೇರಲಿ ಅಂತ ಕಿಟಕಿಯ ಪಕ್ಕ ದಿನಾ ಅರ್ಧ ಮುಕ್ಕಾಲು ಗಂಟೆ ಆ ಪಾತ್ರೆಯಿಂದ ಈ ಪಾತ್ರೆಗೆ ನೀರು ಸುರಿಯುತ್ತಿದ್ದದ್ದು ಮನೆಕೆಲಸದ ಹುಡುಗಿ. ನಮ್ಮ ಟ್ಯಾಂಕಿನಲ್ಲಿ ಆ ಕೆಲಸ ಸಂಪಿನ ನೀರನ್ನು ಮೇಲಕ್ಕೆ ತಳ್ಳುವ ರಿಟರ್ನ್ ಪಂಪಿನದ್ದು. ಅದು ನಿಂತರೆ ಗಾಳಿಯೂ ಇಲ್ಲ, ಮೇಲಿನ ನೀರು ಮೇಲೇ ಇರುತ್ತದೆ ಅನ್ನುವ ಖಾತರಿಯೂ ಇಲ್ಲ. ಈ ಎರಡನೆಯದನ್ನು ನಾನು ಬರಿಗಾಲಲ್ಲಿ ಕಲಿತೆ.

ಹೊಸ ಸ್ಟ್ಯಾಂಡ್ ಇಟ್ಟು ಎಂಟು ದಿನ ಆಗಿತ್ತು. ರಾತ್ರಿ ಎರಡಕ್ಕೆ ಕರೆಂಟ್ ಹೋಯಿತು. ನೀರು ಕುಡಿಯಲು ಎದ್ದವನು ಹಾಲಿಗೆ ಕಾಲಿಟ್ಟರೆ ಪಚಕ್ ಅಂತು. ಪಂಪ್ ನಿಂತಾಗ ರಿಟರ್ನ್ ಪೈಪು ನೀರನ್ನು ಹಿಂದಕ್ಕೆ ಹೀರುತ್ತದೆ, ಅದರ ಬಾಯಿ ಗಾಳಿಗೆ ತೆರೆಯುವ ತನಕ ನಿಲ್ಲುವುದಿಲ್ಲ. ನನ್ನ ಪೈಪಿನ ಬಾಯಿ 4 ಸೆಂಟಿಮೀಟರ್ ಮುಳುಗಿತ್ತು. 120, 60, 4. ಗುಣಿಸಿದರೆ ಹತ್ತಿರ ಹತ್ತಿರ 29 ಲೀಟರ್. ಸಂಪಿನಲ್ಲಿ ಖಾಲಿ ಇದ್ದದ್ದು 20. ಮಿಕ್ಕ 9 ಲೀಟರ್ ನನ್ನ ಕಾಲ ಕೆಳಗಿತ್ತು. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಹಾಕಿದ್ದೆ. ಅದರೊಳಗೆ ಮರಳಿನ ಒಂದು ಕಾಳು ಸಿಕ್ಕಿಕೊಂಡಿತ್ತು.

ಮಾರನೇ ದಿನ ಪೈಪಿನ ಬಾಯಿಯನ್ನು ನೀರಿನ ಮಟ್ಟದಿಂದ ಒಂದು ಸೆಂಟಿಮೀಟರ್ ಕೆಳಗಷ್ಟೇ ಉಳಿಯುವ ಹಾಗೆ ಏರಿಸಿದೆ. ಮೇಲ್ಗಡೆ ಒಂದು ಸಣ್ಣ ತೂತು ಕೊರೆದೆ, ಗಾಳಿ ಬೇಗ ಸೇರಲಿ ಅಂತ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸ್ಟ್ಯಾಂಡಿನ ಬಾಗಿಲು ತೆಗೆದು, ನೆಲದಲ್ಲಿ ಕೂತು, ಬೇಕಂತಲೇ ಪಂಪಿನ ಸ್ವಿಚ್ ಆರಿಸಿದೆ. ಸಂಪಿನ ನೀರು ಏರತೊಡಗಿತು. ಮೇಲೆ ಪೈಪು ಗುಳುಗುಳು ಅಂತ ಗಾಳಿ ಎಳೆದುಕೊಂಡಿತು. ಅಂಚಿಗೆ ನಾಲ್ಕು ಬೆರಳು ಇರುವಾಗ ನೀರು ನಿಂತಿತು. ಇನ್ನೂ ಹತ್ತು ನಿಮಿಷ ಕಾದೆ. ಆಮೇಲೆ ಸ್ವಿಚ್ ಹಾಕಿ ಮಲಗಿದೆ.