ಬೂಟು ಬಂತು, ಮುಖ ಬರಲಿಲ್ಲ

ಸಣ್ಣವನಿದ್ದಾಗ ನಾನು ಯಾವ ಸಿನಿಮಾದ ಶುರುವನ್ನೂ ನೋಡಿದವನಲ್ಲ. ಪುತ್ತೂರಿನ ಹತ್ತಿರದ ನಮ್ಮ ಮನೆಯಿಂದ ಟಾಕೀಸಿಗೆ ಹೋಗಬೇಕಾದರೆ ಒಂದು ಮೈಲಿ ನಡೆದು ಬಸ್ಸು ಹಿಡಿಯಬೇಕಿತ್ತು. ಹೊರಡುವ ಹೊತ್ತಿಗೆ ಸರಿಯಾಗಿ ಅಮ್ಮನಿಗೆ ದನಕ್ಕೆ ಅಕ್ಕಚ್ಚು ಇಡುವುದು ನೆನಪಾಗುತ್ತಿತ್ತು. ನಾನು ಚಡಪಡಿಸಿದರೆ ಅಪ್ಪ, “ಎಂತ ಅವಸರ ನಿಂಗೆ? ಮೊದಲಿಗೆ ಹೆಸರು ಹಾಕುವುದು ಮಾತ್ರ ಅಲ್ವಾ?” ಎನ್ನುತ್ತಿದ್ದರು.

ನಾವು ಟಾಕೀಸಿನ ಕತ್ತಲೆಗೆ ಕಾಲಿಡುವಾಗ ಹೀರೋ ಹತ್ತು ಜನರನ್ನು ಹೊಡೆದು ಮುಗಿಸಿ ಹಾಡಿಗೆ ಇಳಿದಿರುತ್ತಿದ್ದ. ಅವನು ಎಲ್ಲಿಂದ ಬಂದ, ಯಾರಿಗೆ ಹೊಡೆದ, ಯಾಕೆ ಹೊಡೆದ, ಒಂದೂ ಗೊತ್ತಿಲ್ಲ. ಅದರ ಬದಲು ನಮ್ಮದೇ ಒಂದು ಎಂಟ್ರಿ ನಡೆಯುತ್ತಿತ್ತು. ಟಾರ್ಚಿನವನು ನೆಲಕ್ಕೆ ಬೆಳಕು ಬಿಡುತ್ತಿದ್ದ. ಮೊದಲು ಅಪ್ಪನ ಹವಾಯಿ ಚಪ್ಪಲಿ, ಆಮೇಲೆ ಅಮ್ಮನ ಸೀರೆಯ ಅಂಚು, ಕೊನೆಗೆ ನನ್ನ ಬರಿಗಾಲು. ಮುಖ ಯಾರದ್ದೂ ಕಾಣದು. ಹಿಂದಿನ ಸಾಲಿನಿಂದ “ಕೂತ್ಕೊಳ್ಳಿ ಮಾರಾಯ್ರೆ!” ಎಂಬ ಹಿನ್ನೆಲೆ ಸಂಗೀತ ಬೇರೆ.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ಆ ಬಾಕಿ ತೀರಿಸಿಕೊಂಡೆ. ಪರದೆ ಬೆಳಗುವ ಮೊದಲೇ ಸೀಟಿನಲ್ಲಿರುತ್ತಿದ್ದೆ. ಆಗ ಗೊತ್ತಾಯಿತು, ದೊಡ್ಡ ಹೀರೋಗಳೂ ನಮ್ಮ ಹಾಗೇ ಬರುತ್ತಾರೆ ಅಂತ. ಕಾಲು ಮೊದಲು, ಮುಖ ಕೊನೆಗೆ.

ನೀವೂ ನೋಡಿರುತ್ತೀರಿ. ಜೀಪು ಬಂದು ನಿಲ್ಲುತ್ತದೆ. ಬಾಗಿಲು ತೆರೆಯುತ್ತದೆ. ಒಂದು ಬೂಟು ನೆಲಕ್ಕೆ ತಾಗಿ ಧೂಳು ಏಳುತ್ತದೆ. ಆಮೇಲೆ ಕೈ, ಕೈಯಲ್ಲೊಂದು ಕಡಗ. ಆಮೇಲೆ ಬೆನ್ನು. ಅಂಗಡಿಯಲ್ಲಿ ಸಾಮಾನು ಕಟ್ಟಿಕೊಟ್ಟ ಹಾಗೆ ಮನುಷ್ಯನನ್ನು ಕಂತಿನಲ್ಲಿ ಕೊಡುತ್ತಾರೆ. ಗಾಂಧಿನಗರದವರು ಇದಕ್ಕೆ ಬಿಲ್ಡಪ್ ಎನ್ನುತ್ತಾರೆ. ಆ ಪದ ಈಗ ಅವರ ಕೈಯಲ್ಲೂ ಉಳಿದಿಲ್ಲ. ಪಕ್ಕದ ಮನೆಯವರು ಹೊಸ ಕಾರಿನ ಹಾರನ್ನು ಎರಡು ಸಲ ಜಾಸ್ತಿ ಒತ್ತಿದರೂ ನಾವು “ಏನ್ ಬಿಲ್ಡಪ್ಪು ನೋಡು” ಎನ್ನುತ್ತೇವೆ.

ಈ ಬೂಟಿನ ವಿದ್ಯೆ ಹಾಲಿವುಡ್‌ನಿಂದ ಬಂದದ್ದು ಅಂತ ನನ್ನ ಗೆಳೆಯನೊಬ್ಬ ವಾದ ಮಾಡುತ್ತಾನೆ. ಅವನು ಯಕ್ಷಗಾನ ಬಯಲಾಟ ನೋಡಿದವನಲ್ಲ. ಸುಮ್ನೆ ಬಿಟ್ಟುಬಿಡುತ್ತೇನೆ.

ನಾನು ನೋಡಿದ್ದೇನೆ. ಗದ್ದೆ ಕೊಯ್ಲು ಮುಗಿದ ಮೇಲೆ ಮೇಳದವರ ಆಟ. ಸಿನಿಮಾಕ್ಕೆ ತಡವಾದರೂ ನಡೆಯುತ್ತಿತ್ತು, ಆಟಕ್ಕೆ ಮಾತ್ರ ಅಜ್ಜ ಚೆಂಡೆಯ ಮೊದಲ ಪೆಟ್ಟಿಗೇ ಹಾಜರು. ನಡುರಾತ್ರಿಯ ಹೊತ್ತು. ನನಗೆ ತೂಕಡಿಕೆ. ಇದ್ದಕ್ಕಿದ್ದಂತೆ ಚೆಂಡೆಯ ಲಯ ಬದಲಾಗುತ್ತದೆ. ಇಬ್ಬರು ರಂಗಸ್ಥಳದಲ್ಲಿ ಒಂದು ತೆರೆ ಹಿಡಿದು ನಿಲ್ಲುತ್ತಾರೆ. ತೆರೆಯ ಮೇಲೆ ದೊಡ್ಡ ಕಿರೀಟದ ತುದಿ ಮಾತ್ರ ಕಾಣುತ್ತದೆ. ಕೆಳಗೆ ಗೆಜ್ಜೆ ಕಟ್ಟಿದ ಎರಡು ಪಾದ. ನಡುವಿನ ರಾಕ್ಷಸ ಪೂರ್ತಿ ಬಾಕಿ. ಅವನು ತೆರೆಯ ಹಿಂದೆಯೇ ಕುಣಿಯುತ್ತಾನೆ, ಒಮ್ಮೆ ತೆರೆಯ ಅಂಚು ಹಿಡಿದು ಜಗ್ಗುತ್ತಾನೆ, ಒಂದು ಕಣ್ಣು ತೋರಿಸುತ್ತಾನೆ, ಮತ್ತೆ ಮಾಯ. ನಾನು ಅಜ್ಜನ ತೊಡೆಗೆ ಅಂಟಿಕೊಂಡು, “ಯಾರಜ್ಜ ಅದು?” ಎಂದು ಕೇಳಿದೆ. ಅಜ್ಜ ಉತ್ತರ ಕೊಡಲಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟು ಸುಮ್ಮನೆ ಕೂತರು. ಯಾರು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಪ್ರಸಂಗವನ್ನು ಅವರು ಎಷ್ಟು ಸಲ ನೋಡಿದ್ದರೋ.

ಇನ್ನು ಕ್ಯಾಮೆರಾ ಕೆಳಗಿನಿಂದ ನೋಡುವುದು. ಲೋ ಆ್ಯಂಗಲ್ ಎನ್ನುತ್ತಾರಲ್ಲ, ಅದರಲ್ಲಿ ಐದೂವರೆ ಅಡಿಯ ನಟನೂ ಅಡಿಕೆ ಮರದಷ್ಟು ಎತ್ತರ ಕಾಣುತ್ತಾನೆ. ಈ ಕೋನದ ಪರಿಚಯ ನನಗೆ ಒಂದನೇ ಕ್ಲಾಸಿನಲ್ಲೇ ಆಗಿತ್ತು. ನಾವು ನೆಲದ ಮೇಲೆ ಕೂರುತ್ತಿದ್ದೆವು, ಹೆಡ್‌ಮಾಸ್ಟ್ರು ನಿಂತಿರುತ್ತಿದ್ದರು. ಅವರು ಬರುವ ಮೊದಲು ಅವರ ಬೀಗದ ಕೈ ಗೊಂಚಲಿನ ಸದ್ದು ಜಗಲಿಯ ಆ ತುದಿಯಿಂದ ಬರುತ್ತಿತ್ತು. ಸದ್ದು ಬಂದ ಕೂಡಲೇ ನಮ್ಮ ಕ್ಲಾಸಿನ ಮೇಷ್ಟ್ರು ಕುರ್ಚಿಯಿಂದ ಏಳುತ್ತಿದ್ದರು. ಮೇಷ್ಟ್ರ ಮುಖ ನೋಡಿಯೇ ನಮಗೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತಿತ್ತು. ಹೆಡ್‌ಮಾಸ್ಟ್ರು ಪಾಪ, ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋಗುತ್ತಿದ್ದರು. ಅಷ್ಟೇ.

ಒಳ್ಳೆಯ ನಿರ್ದೇಶಕ ಮಾಡುವುದೂ ಇದನ್ನೇ. ಹೀರೋ ಎಷ್ಟು ದೊಡ್ಡವನು ಎಂದು ಹೀರೋನ ಮುಖದಲ್ಲಿ ಬರೆದಿರುವುದಿಲ್ಲ. ಅವನನ್ನು ನೋಡಿ ಟೀ ಲೋಟ ಕೆಳಗಿಡುವವನ ಮುಖದಲ್ಲಿ, ಅಂಗಡಿಯ ಶಟರ್ ಎಳೆಯುವವನ ಅವಸರದಲ್ಲಿ ಇರುತ್ತದೆ. 2018ರ ‘ಕೆ.ಜಿ.ಎಫ್’ ನೆನಪಿಸಿಕೊಳ್ಳಿ. ಕಥೆ ಶುರುವಾಗುವುದು ಟಿವಿ ಚಾನಲ್ಲಿನ ಕಚೇರಿಯಲ್ಲಿ. ಮಾಳವಿಕಾ ಅವಿನಾಶ್ ಪ್ರಶ್ನೆ ಕೇಳುತ್ತಾರೆ, ವಯಸ್ಸಾದ ಪತ್ರಕರ್ತನಾಗಿ ಅನಂತ್ ನಾಗ್ ಉತ್ತರ ಹೇಳುತ್ತಾರೆ. ಅವರು ಬರೆದ ಪುಸ್ತಕವನ್ನು ಸರ್ಕಾರ ನಿಷೇಧಿಸಿದೆ. ಪುಸ್ತಕಕ್ಕೇ ಇಷ್ಟು ಹೆದರಿದ್ದಾರೆ ಅಂದರೆ ಅದರೊಳಗಿನ ಮನುಷ್ಯ ಎಂಥವನಿರಬೇಕು? ನೋಡಿ, ಕುರ್ಚಿಯಲ್ಲಿ ಕೂತ ಇಬ್ಬರ ಮಾತು ಅರ್ಧ ಕೆಲಸ ಮುಗಿಸಿತು. ಯಾವ ಫೈಟ್ ಮಾಸ್ಟರೂ ಬೇಕಾಗಲಿಲ್ಲ. ಆ ಚಿತ್ರದ ಧೂಳು, ಬೆಂಕಿಗಿಂತ ನನಗೆ ಈ ಜಾಗವೇ ಇಷ್ಟ.

ಧೂಳು ಅಂದಾಗ ನೆನಪಾಯಿತು. ಸಿನಿಮಾದಲ್ಲಿ ಏಳುವ ಧೂಳು ಅನೇಕ ಸಲ ಮುಲ್ತಾನಿ ಮಿಟ್ಟಿ. ನಯವಾದ ಪುಡಿ, ಫ್ಯಾನ್ ಹಾಕಿದರೆ ಚೆನ್ನಾಗಿ ಹಾರುತ್ತದೆ. ಇದು ತಿಳಿದ ದಿನದಿಂದ ಖಳನಾಯಕನ ನೂರು ಜನ ಧೂಳೆಬ್ಬಿಸಿ ಓಡಿ ಬರುವಾಗ ನನಗೆ ನಮ್ಮಕ್ಕ ಮುಖಕ್ಕೆ ಪ್ಯಾಕ್ ಹಾಕಿಕೊಂಡು ಜಗಲಿಯಲ್ಲಿ ಕೂತದ್ದೇ ಕಣ್ಣಿಗೆ ಬರುತ್ತದೆ. ಬೂಟಿನ ಸದ್ದೂ ಅಷ್ಟೆ. ಅನೇಕ ಸಲ ಅದು ಹೀರೋನ ಬೂಟಿನದಲ್ಲ. ಸ್ಟುಡಿಯೋದಲ್ಲಿ ಯಾರೋ ಒಬ್ಬರು ಪರದೆ ನೋಡಿಕೊಂಡು, ಜಲ್ಲಿಯ ಮೇಲೋ ಮರಳಿನ ಮೇಲೋ ನಡೆದು ಅದನ್ನು ಹುಟ್ಟಿಸುತ್ತಾರೆ. ಫೋಲಿ ಎನ್ನುತ್ತಾರೆ ಇದಕ್ಕೆ, ಜ್ಯಾಕ್ ಫೋಲಿ ಎಂಬವರ ಹೆಸರಿನಿಂದ ಬಂದ ಮಾತು. ಮೂಳೆ ಮುರಿಯುವ ಸದ್ದಿಗೆ ಸೆಲರಿ ಸೊಪ್ಪಿನ ದಂಟು ಮುರಿಯುವುದೂ ಉಂಟು. ನಮ್ಮಲ್ಲಾದರೆ ನುಗ್ಗೆಕಾಯಿ ಇದೆಯಲ್ಲ ಎಂದು ನನ್ನ ಹೆಂಡತಿಯ ಸಲಹೆ.

ಸ್ಲೋ ಮೋಷನ್ನಿನ ಗುಟ್ಟು ಒಡೆದವಳು ನನ್ನ ಮಗಳು. ಸಿನಿಮಾ ಸೆಕೆಂಡಿಗೆ 24 ಫ್ರೇಮಿನ, ಅಂದರೆ 24 ಬಿಡಿ ಚಿತ್ರಗಳ ಲೆಕ್ಕದಲ್ಲಿ ಓಡುತ್ತದೆ. 96 ಫ್ರೇಮಿನಂತೆ ತೆಗೆದು 24ರಲ್ಲಿ ತೋರಿಸಿದರೆ ಒಂದು ಸೆಕೆಂಡಿನ ಹೆಜ್ಜೆ ನಾಲ್ಕು ಸೆಕೆಂಡು ನಡೆಯುತ್ತದೆ. ಆ ಹಿಗ್ಗಿದ ಮೂರು ಸೆಕೆಂಡು ಸೀಟಿ ಹೊಡೆಯುವವರಿಗೆ ಬಿಟ್ಟ ಜಾಗ. ಇದೆಲ್ಲ ನಾನು ಗಂಭೀರವಾಗಿ ವಿವರಿಸುತ್ತಿದ್ದೆ. ಅವಳು ಮೊಬೈಲಿನಲ್ಲಿ ಅದೇ ದೃಶ್ಯವನ್ನು ಒಂದೂವರೆ ಪಟ್ಟು ವೇಗಕ್ಕಿಟ್ಟು ನೋಡುತ್ತಿದ್ದಳು. ಇಣುಕಿ ನೋಡಿದೆ. ಎದೆ ನಡುಗಿಸಬೇಕಾದ ಹೀರೋ ಹಾಲಿನ ಪ್ಯಾಕೆಟ್ ತರಲು ಹೊರಟವನಂತೆ ನಡೆಯುತ್ತಿದ್ದ. “ಇವನಿಗೇನಪ್ಪ ಕೆಲಸ ಇಲ್ವಾ, ಬೇಗ ಬರಬಾರದಾ?” ಎಂದಳು. ಅಪ್ಪನ ಕಾಲದ ಅಕ್ಕಚ್ಚು ನನ್ನ ಮಗಳ ಕೈಗೆ ಬಟನ್ ಆಗಿ ಬಂದಿದೆ. ಆಗ ಶುರು ತಪ್ಪಿಹೋಗುತ್ತಿತ್ತು, ಈಗ ಇವರೇ ತಪ್ಪಿಸುತ್ತಾರೆ.

ಅವಳ ಕಡೆಯೂ ನ್ಯಾಯ ಇದೆ. ನಮ್ಮ ಎಷ್ಟೋ ಎಂಟ್ರಿಗಳಲ್ಲಿ ಮುಖ ಬಂದ ಮೇಲೆ ಮನುಷ್ಯ ಬರುವುದಿಲ್ಲ. ಹತ್ತು ನಿಮಿಷ ಹೊಡೆದಾಡಿದರೂ ಅವನು ಬಲಶಾಲಿ ಅನ್ನುವುದು ಬಿಟ್ಟು ಇನ್ನೇನೂ ತಿಳಿಯದು. ಅದು ಪೋಸ್ಟರ್ ನೋಡಿದಾಗಲೇ ಗೊತ್ತಿತ್ತಲ್ಲ. ಹಾಲಿವುಡ್ ನಿರ್ದೇಶಕ ಸ್ಪೀಲ್‌ಬರ್ಗ್‌ನ ಸಾಹಸಿ ಹೀರೋ ಇಂಡಿಯಾನಾ ಜೋನ್ಸ್ 1981ರಲ್ಲಿ ಮೊದಲ ಸಲ ಬಂದಾಗಲೂ ಟೋಪಿ, ಬೆನ್ನು, ನೆರಳು, ಎಲ್ಲ ಬಿಲ್ಡಪ್ಪೂ ಇತ್ತು. ಹಿಂದಿನಿಂದ ಒಬ್ಬ ಪಿಸ್ತೂಲು ಎತ್ತುತ್ತಾನೆ, ಚಾಟಿ ಬೀಸುತ್ತದೆ, ಪಿಸ್ತೂಲು ಹಾರುತ್ತದೆ, ಆಮೇಲೆ ಅವನು ಬೆಳಕಿಗೆ ಬರುತ್ತಾನೆ. ಮುಂದೆ ನೋಡಿ. ಗುಹೆಯಲ್ಲಿ ಚಿನ್ನದ ಮೂರ್ತಿಯ ಜಾಗಕ್ಕೆ ಮರಳಿನ ಚೀಲ ಇಡಬೇಕು, ತೂಕ ಸರಿಯಾಗಬೇಕು. ಗದ್ದ ಕೆರೆದುಕೊಳ್ಳುತ್ತಾನೆ, ಚೀಲದಿಂದ ಒಂದಿಷ್ಟು ಮರಳು ಸುರಿಯುತ್ತಾನೆ, ಬೆರಳು ಆಡಿಸುತ್ತಾನೆ. ಸಂತೆಯಲ್ಲಿ ಕಣ್ಣಳತೆಯಲ್ಲೇ ಬದನೆಕಾಯಿ ತೂಗುವವರ ಹಾಗೆ. ಇಟ್ಟ, ಗೆದ್ದೆ ಅಂದುಕೊಂಡ. ಲೆಕ್ಕ ತಪ್ಪಿತ್ತು! ಗುಹೆಯೇ ಕುಸಿಯತೊಡಗಿತು. ಉರುಳುವ ಬಂಡೆಯಿಂದ, ಬಾಣಗಳಿಂದ ಪಾರಾಗಿ ವಿಮಾನ ಹತ್ತಿದರೆ ಕಾಲ ಬಳಿ ಹಾವು. ಇಷ್ಟು ಹೊತ್ತು ಯಾವುದಕ್ಕೂ ಜಗ್ಗದವನು ಅಲ್ಲಿ ಕಿರುಚುತ್ತಾನೆ. ಜಾಣ, ಆದರೆ ತಪ್ಪು ಮಾಡುತ್ತಾನೆ. ಧೈರ್ಯವಂತ, ಆದರೆ ಹಾವು ಕಂಡರೆ ಆಗದು. ನಮ್ಮ ಹೀರೋಗಳಿಗೂ ಯಾರಾದರೂ ಒಂದು ಜಿರಳೆಯನ್ನಾದರೂ ಕೊಡಬಾರದೇ?

ಹೋದ ತಿಂಗಳು ಮಗಳನ್ನು ಕೂರಿಸಿಕೊಂಡು, ರಿಮೋಟ್ ನನ್ನ ಕೈಯಲ್ಲೇ ಇಟ್ಟುಕೊಂಡು, ಸರ್ಜಿಯೋ ಲಿಯೋನೆ 1968ರಲ್ಲಿ ತೆಗೆದ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಹಾಕಿದೆ. ಮರುಭೂಮಿಯಂಥ ಜಾಗದಲ್ಲಿ ಒಂದು ರೈಲ್ವೆ ಸ್ಟೇಷನ್. ಮೂವರು ಬಂದೂಕಿನವರು ರೈಲಿಗೆ ಕಾಯುತ್ತಿದ್ದಾರೆ. ಸಂಗೀತ ಇಲ್ಲ. ಮಾತು ಇಲ್ಲವೆಂದರೂ ನಡೆದೀತು. ಗಾಳಿಯಂತ್ರವೊಂದು ಎಣ್ಣೆ ಕಾಣದೆ ಕಿರುಗುಟ್ಟುತ್ತಲೇ ಇದೆ. ಒಬ್ಬ ಬೆರಳ ನೆಟಿಗೆ ತೆಗೆಯುತ್ತಾನೆ. ಒಬ್ಬನ ಬೋಳು ತಲೆಗೆ ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ. ಅವನು ಸರಿಯುವುದಿಲ್ಲ, ಟೋಪಿ ಹಾಕಿಕೊಳ್ಳುತ್ತಾನೆ. ಇನ್ನೊಬ್ಬನ ಮುಖದ ಮೇಲೆ ನೊಣ.

ಎರಡು ನಿಮಿಷ ಆದ ಮೇಲೆ ಮಗಳು, “ನೆಟ್ ಹೋಯ್ತಾ?” ಎಂದಳು.

“ಇಲ್ಲ, ನೊಣ ಆಡ್ತಾ ಇದೆ ನೋಡು.”

ನೊಣ ತುಟಿಯ ಹತ್ತಿರ ಬಂತು. ಅವನು ಬಾಯಿಯಿಂದ ಊದಿದ. ಅದು ಹೋಗಲಿಲ್ಲ. ಮಗಳು ಕಾಲು ಮೇಲಕ್ಕೆಳೆದು ಕೂತಳು. ಅವನು ಬಂದೂಕಿನ ನಳಿಗೆಯಲ್ಲಿ ನೊಣ ಹಿಡಿದು, ಬೆರಳು ಮುಚ್ಚಿ, ಕಿವಿಗಿಟ್ಟು ಅದರ ಗುಂಯ್ ಕೇಳಿಸಿಕೊಂಡ. ಇವಳ ತುಟಿಯಲ್ಲಿ ಸಣ್ಣ ನಗು. ದೂರದಲ್ಲಿ ಸಿಳ್ಳೆ ಕೇಳಿತು. ಮೂವರೂ ಸಜ್ಜಾದರು. ರೈಲು ಬಂತು, ನಿಂತಿತು. ಒಂದು ಪೆಟ್ಟಿಗೆ ಹೊರಬಿತ್ತು, ಅಷ್ಟೇ. ಯಾರೂ ಕಾಣಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದಕ್ಕೆ ತಿರುಗಿದರು. ರೈಲು ನಿಧಾನ ಹೊರಟಿತು.

ಮಗಳು ನನ್ನ ತೋಳು ಹಿಡಿದಳು. “ಯಾರೂ ಇಳೀಲೇ ಇಲ್ವಲ್ಲಪ್ಪ? ಯಾರು ಬರ್ಬೇಕಿತ್ತು?”

ನಾನು ಉತ್ತರ ಕೊಡಲಿಲ್ಲ. ರೈಲಿನ ಕೊನೆಯ ಡಬ್ಬಿ ಇನ್ನೂ ಅಡ್ಡ ಇತ್ತು.