ಫಲಾವಳಿಯ ಹಾಗಲಕಾಯಿ

ಚೌತಿಗೆ ಊರಿಗೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಗಣಪತಿಯ ತಲೆಯ ಮೇಲಕ್ಕೆ. ಅಲ್ಲಿ ನಮ್ಮ ಶಿರಸಿ ಕಡೆ ಫಲಾವಳಿ ಕಟ್ಟುತ್ತಾರೆ, ಕಾರವಾರದ ಕೊಂಕಣಿಗರು ಮಾಟೋಳಿ ಅನ್ನುತ್ತಾರೆ. ಅಡಿಕೆ ಗೊನೆ, ಕಂಚಿಕಾಯಿ, ಮೊಗೆಕಾಯಿ (ಸಾಂಬಾರ್ ಸೌತೆ), ಹೀರೆ, ಹಾಗಲ, ಕಹಿ ಹಿಂಡ್ಲೆಕಾಯಿ ಎಲ್ಲ ಜೋತಾಡುತ್ತಿರುತ್ತವೆ. ಹಿತ್ತಲಲ್ಲಿ, ಬೆಟ್ಟದಲ್ಲಿ ಆಗ ಏನು ಬಿಟ್ಟಿದೆಯೋ ಅದೇ. ಈಗ ಸೇಬು ಕಟ್ಟುವವರೂ ಇದ್ದಾರೆ, ಇರಲಿ ಬಿಡಿ, ಚಂದ ಕಾಣುತ್ತದೆ.

ಹೋದ ವರ್ಷ ಡಾಕ್ಟರು 'ಆಯಾ ಕಾಲದ ಹಣ್ಣು, ತರಕಾರಿ ತಿನ್ನಿ' ಅಂದರು. ನಾನು ಸೀದಾ ಅಂಗಡಿಗೆ ಹೋಗಿ ಕಿವಿ ಹಣ್ಣು ಕೊಂಡೆ! ಚೌತಿಗೆ ಹೋದಾಗ ಆಯಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾವ ಕಾಲದ್ದೋ ತಮಾ?" ಅಂದಳು. ಹಿತ್ತಲಲ್ಲಿ ಪೇರಳೆ, ಅಂದರೆ ಸೀಬೆ, ಹಣ್ಣಾಗಿತ್ತು. ಬಾವಲಿಗಳಿಗೆ ಆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. 100 ಗ್ರಾಂ ಪೇರಳೆಯಲ್ಲಿ ವಿಟಮಿನ್ ಸಿ 200 ಮಿಲಿಗ್ರಾಂ ದಾಟುತ್ತದೆ, ಅಷ್ಟೇ ಕಿತ್ತಳೆಯಲ್ಲಿ 50ರ ಆಸುಪಾಸು.

ಚೌತಿಯಿಂದ ದೊಡ್ಡಹಬ್ಬದ (ದೀಪಾವಳಿಯ) ತನಕ ನಮ್ಮಲ್ಲಿ ಮೊಗೆಕಾಯಿಯದೇ ಆಳ್ವಿಕೆ. ಹುಳಿ, ಪಲ್ಯ, ತಂಬುಳಿ, ಮತ್ತೆ ಹುಳಿ. ಮುಕ್ಕಾಲುಪಾಲಿಗಿಂತ ಜಾಸ್ತಿ ನೀರೇ ಇರುವ ಕಾಯಿ, ಹೊಟ್ಟೆಗೆ ಹಗುರ, ಆದರೆ ಹದಿನೈದನೇ ದಿನಕ್ಕೆ ತಟ್ಟೆ ನೋಡಿದರೇ ಸಿಟ್ಟು ಬರುತ್ತದೆ. ಉಳಿದದ್ದನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ನೇತುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಅಂದರೆ ತಪ್ಪಿಸಿಕೊಳ್ಳಲು ದಾರಿಯೂ ಇಲ್ಲ. ಕಾಲಕ್ಕೆ ತಕ್ಕ ಊಟ ಅಂದರೆ ನಮಗೆ ಇದು, ಬೇಜಾರಾಗುವಷ್ಟು ತಿನ್ನುವುದು! ದೊಡ್ಡಹಬ್ಬಕ್ಕೆ ಅದೇ ಕಾಯಿಯನ್ನು ತುರಿದು, ಅಕ್ಕಿ ಬೆಲ್ಲ ಸೇರಿಸಿ, ಬಾಳೆಲೆಯಲ್ಲಿ ಕಡುಬು ಬೇಯಿಸಿದರೆ ಮಾತ್ರ ಸಿಟ್ಟೆಲ್ಲ ಮಾಯ. ಮೇಲೆ ತುಪ್ಪವೂ ಬಿದ್ದ ಮೇಲೆ ಆರೋಗ್ಯದ ಲೆಕ್ಕ ಕೇಳಬೇಡಿ.

ಹಾಗಲಕಾಯಿಗೆ ಮಾತ್ರ ಶಾಸ್ತ್ರದ ಬೆಂಬಲವೂ ಉಂಟು. ಮಳೆ ಬಿಟ್ಟು ಬಿಸಿಲು ಚುರುಕಾಗುವ ಶರದೃತುವಿನಲ್ಲಿ ಪಿತ್ತ ಕೆರಳುತ್ತದೆ, ಆಗ ಕಹಿ, ಸಿಹಿ, ಒಗರು ಒಳ್ಳೆಯದು ಅನ್ನುತ್ತದೆ ಆಯುರ್ವೇದ. ಸಿಹಿಯೊಂದನ್ನು ನಾನು ತಪ್ಪದೇ ಪಾಲಿಸುತ್ತೇನೆ.

ಈಗ ಕಾರವಾರದ ಭಾನುವಾರದ ಸಂತೆಯಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯರ ಮುಂದೆ ಕೂತು ಹರಿವೆ ಕಟ್ಟು ಆರಿಸುತ್ತೇನೆ. ಯಾವ ಕಾಲದ್ದು ಅಂತ ಕೇಳುವ ಗೋಜಿಲ್ಲ, ಅವರ ಬುಟ್ಟಿಯಲ್ಲಿ ಇಲ್ಲದ್ದಕ್ಕೆ ಕಾಲ ಬಂದಿಲ್ಲ, ಅಷ್ಟೇ. ಹರಿವೆ ಪಲ್ಯಕ್ಕೆ ಎರಡು ಹನಿ ಲಿಂಬೆ ಹಿಂಡಿಕೊಳ್ಳಿ, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಅಂದಹಾಗೆ ಆ ಚೌತಿಯಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಫಲಾವಳಿ ಬಿಚ್ಚುವಾಗ, ಹಾಗಲಕಾಯಿ ಹಣ್ಣಾಗಿ ಬಾಯಿಬಿಟ್ಟು ಕೆಂಪು ಬೀಜ ತೋರಿಸುತ್ತಿತ್ತು. ಆಯಿ ಬೀಜ ತೆಗೆದು, ಬೂದಿ ಸವರಿ, ಒಣಗಲು ಇಟ್ಟಳು. ಕಿವಿ ಹಣ್ಣಿನ ಬೀಜವನ್ನೂ ಕೇಳಿದಳು. ಅಷ್ಟರಲ್ಲಿ ನಾನು ನುಂಗಿ ಆಗಿತ್ತು.